ಮಾತು ಎಂಬ ಹೆಸರಿನ ಮನೆ

ಉಕ್ರೇನಿನ ಖಾರ್ಕಿವ್ ಎಂದೊಡನೆ ನನಗೆ ಅಲ್ಲಿನ ಗಾಳಿ ನೆನಪಾಗುತ್ತದೆ. ಸ್ವಾತಂತ್ರ್ಯ ಚೌಕದಲ್ಲಿ ಅದಕ್ಕೆ ಅಡ್ಡವೇ ಇಲ್ಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 30 ಎಕರೆಯ ಕಲ್ಲುಹಾಸಿನ ಬಯಲು. 2019ರಲ್ಲಿ, ಅಲ್ಲಿ ವೈದ್ಯಕೀಯ ಓದುತ್ತಿದ್ದ ಅಣ್ಣನ ಮಗನನ್ನು ನೋಡಲು ಹೋಗಿದ್ದೆ. ಚೌಕದ ಅಂಚಿನಲ್ಲಿ ದೆರ್ಜ್‌ಪ್ರೋಮ್ ಕಟ್ಟಡ ಕಂಡದ್ದೇ ಮಾತು ನಿಂತುಹೋಯಿತು. 1928ರಲ್ಲಿ ಮುಗಿದ ಕಾಂಕ್ರೀಟು-ಗಾಜಿನ ಗೋಪುರಗಳು. ಒಂದೊಂದನ್ನೂ ಮುಗಿಲಿನಲ್ಲೇ ಹೆಣೆದ ಸೇತುವೆಗಳು. ಒಂದು ಅಲಂಕಾರದ ಗೆರೆಯಿಲ್ಲ. ಬೂದುಬಣ್ಣಕ್ಕೂ ಇಷ್ಟು ಚೆಲುವಿದೆಯೆಂದು ನನಗೆ ಗೊತ್ತಿರಲಿಲ್ಲ.

ಲೋಪಾನ್ ನದಿಯ ಕಡೆ ಇಳಿದರೆ ಊರಿನ ಚಹರೆಯೇ ಬೇರೆ. ಕೆಂಪು-ಬಿಳಿ ಪಟ್ಟೆಯ ಇಟ್ಟಿಗೆಯ ಅನನ್ಸಿಯೇಶನ್ ಕೆಥೆಡ್ರಲ್, ಅದಕ್ಕಿಂತ ಇನ್ನೂರು ವರ್ಷ ಹಿರಿದಾದ, 1689ರ ಪೊಕ್ರೊವ್‌ಸ್ಕಿ ಚರ್ಚು. ಗಡಿನಾಡಿನ ಕೋಟೆಯೂರಾಗಿ ಹುಟ್ಟಿ, 1919ರಿಂದ 1934ರವರೆಗೆ ಸೋವಿಯತ್ ಉಕ್ರೇನಿನ ರಾಜಧಾನಿಯಾಗಿದ್ದ ಊರು ಇದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವಸತಿ ಕಟ್ಟಡ. ಹೆಸರು 'ಸ್ಲೋವೊ', ಅಂದರೆ ಮಾತು, ಪದ. ಆ ರಾಜಧಾನಿಯ ದಿನಗಳಲ್ಲಿ ಬರಹಗಾರರಿಗೆಂದೇ ಕಟ್ಟಿದ 66 ಮನೆಗಳು. ಮೇಲಿನಿಂದ ನೋಡಿದರೆ ಆ ಪದದ ಮೊದಲ ಅಕ್ಷರ 'С'ದ ಆಕಾರ. ಉಕ್ರೇನಿಯನ್ ನುಡಿಯಲ್ಲಿ ಹೊಸದನ್ನು ಬರೆಯಲು ಹೊರಟವರು ಅಲ್ಲಿ ನೆರೆಹೊರೆಯವರಾದರು. 1933ರ ಮೇ 13ರಂದು, ಗೆಳೆಯನ ಬಂಧನದ ಬೆನ್ನಿಗೇ, ಬರಹಗಾರ ಮಿಕೊಲಾ ಖ್ವಿಲೊವಿ ಅಲ್ಲೇ ಗುಂಡು ಹಾರಿಸಿಕೊಂಡ. ಆಮೇಲೆ ಬಾಗಿಲಿಂದ ಬಾಗಿಲಿಗೆ ಬಂಧನ, ಹಲವರಿಗೆ ಮರಣದಂಡನೆ. ಸಂಜೆ ಅಲ್ಲಿ ಯಾರದೋ ಅಡುಗೆಮನೆಯಲ್ಲಿ ದೀಪ ಹತ್ತಿತು. ಒಬ್ಬಾಕೆ ಕಿಟಕಿಯ ಕುಂಡಕ್ಕೆ ನೀರು ಹಾಕಿದಳು. ಬರೆಯುವುದನ್ನೇ ಬದುಕಾಗಿಸಿಕೊಂಡ ನನಗೆ ಆ ಗೋಡೆ ಮುಟ್ಟಲು ಕೈ ಬರಲಿಲ್ಲ.

2022ರ ಮಾರ್ಚ್ 1ರಂದು ರಷ್ಯಾದ ಕ್ಷಿಪಣಿ ಬಿದ್ದದ್ದು ಅದೇ ಸ್ವಾತಂತ್ರ್ಯ ಚೌಕಕ್ಕೆ. ಅದೇ ದಿನ, ದಿನಸಿ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಅಷ್ಟರಲ್ಲಿ ಓದು ಮುಗಿಸಿ ಊರಿಗೆ ಮರಳಿದ್ದ ನಮ್ಮ ಹುಡುಗ ಟಿವಿಯ ಮುಂದೆ ಒಂದೊಂದೇ ಬೀದಿಯನ್ನು ಗುರುತಿಸುತ್ತ ಕೂತಿದ್ದ. ಅವನಿಗೆ ಊಟ ಬಡಿಸಲು ಯಾರಿಗೂ ಧೈರ್ಯವಾಗಲಿಲ್ಲ. 2024ರ ಅಕ್ಟೋಬರಿನಲ್ಲಿ ದೆರ್ಜ್‌ಪ್ರೋಮ್‌ಗೂ ಬಾಂಬು ಬಿತ್ತು.

ಚಳಿ ತಡೆಯದೆ ನಾವು ಓಡಿ ಇಳಿಯುತ್ತಿದ್ದ ಮೆಟ್ರೋ ನಿಲ್ದಾಣಗಳು ನೆನಪಾಗುತ್ತವೆ. ಯುದ್ಧ ಶುರುವಾದ ಮೇಲೆ ಅಂಥ ಕೆಲವು ನಿಲ್ದಾಣಗಳಲ್ಲೇ ಶಾಲೆ ತೆರೆದರು. ನೆಲದಡಿಯ ಆ ತರಗತಿಗಳಲ್ಲಿ ಪುಟ್ಟ ಮಕ್ಕಳು ಉಕ್ರೇನಿಯನ್ ಅಕ್ಷರ ತಿದ್ದತೊಡಗಿದರು.