ಒಳಗೆ ಹೋಗಲಾಗದ ಗೂಡು

ಅಪ್ಪನ ಕೆಮ್ಮು ಶುರುವಾದದ್ದು ಯಾವಾಗ ಅಂತ ನಮ್ಮ ಮನೆಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಅಮ್ಮನ ಲೆಕ್ಕದಲ್ಲಿ ಅದು ಕೊರೋನಾ ಮುಗಿದ ವರ್ಷ. ನನ್ನ ಲೆಕ್ಕದಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಕೆಲಸ ಶುರುವಾಗಿ ಊರ ಮೇಲೆಲ್ಲ ಕೆಂಪು ಧೂಳು ಏಳತೊಡಗಿದ ಮೇಲೆ. ಅಪ್ಪನ ಲೆಕ್ಕದಲ್ಲಿ ಕೆಮ್ಮೇ ಇರಲಿಲ್ಲ. "ಗಂಟಲು ಸರಿ ಮಾಡ್ಕೊಂಡೆ ಅಷ್ಟೇ ಕಣೇ" ಅನ್ನುತ್ತಿದ್ದ.

ಒಂದು ವಿಷಯವನ್ನು ಮಾತ್ರ ಅಮ್ಮ ಸರಿಯಾಗಿ ಗಮನಿಸಿದ್ದಳು. ಜ್ವರ ಬರುವುದು ಭಾನುವಾರ ರಾತ್ರಿ. ಸೋಮವಾರ ಬೆಳಗಾಗುವ ಹೊತ್ತಿಗೆ ಇಳಿದಿರುತ್ತಿತ್ತು. ಭಾನುವಾರ ಅಂದರೆ ಅಪ್ಪ ಪಾರಿವಾಳದ ಗೂಡು ಗುಡಿಸುವ ದಿನ. ಆದರೆ ಇವೆರಡನ್ನೂ ಜೋಡಿಸಿ ನೋಡುವ ಬುದ್ಧಿ ಅಮ್ಮನಿಗೂ ಬರಲಿಲ್ಲ, ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವ ನನಗೂ ಬರಲಿಲ್ಲ. ಒಂದು ವರ್ಷ ಅಸ್ತಮಾ ಅಂದುಕೊಂಡು ಇನ್‌ಹೇಲರ್ ಎಳೆದದ್ದಾಯಿತು. ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಎದೆಯ ಸ್ಕ್ಯಾನ್ ಬೆಳಕಿಗೆ ಹಿಡಿದು, ಫೈಲಿನಿಂದ ತಲೆ ಎತ್ತದೆಯೇ ಕೇಳಿದರು: "ಮನೇಲಿ ಪಾರಿವಾಳ ಇದಾವಾ ಯಜಮಾನ್ರೇ?"

ಅಪ್ಪ ಪಕ್ಕದ ಮನೆಯ ಪೇರಲೆ ಹಣ್ಣು ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ನನ್ನ ಮುಖ ನೋಡಿದ.

ಇದ್ದವು. ಮೂವತ್ತಾರು ಇದ್ದವು.

ಅಪ್ಪನಿಗೆ ಪಾರಿವಾಳದ ಗೀಳು ಹತ್ತಿದ್ದು ಭದ್ರಾವತಿಯಲ್ಲಿ. ಅದು ಎರಡು ಕಾರ್ಖಾನೆಗಳ ಊರು. 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ್ದೊಂದು, 1936ರಲ್ಲಿ ಸ್ಥಾಪನೆಯಾದ ಕಾಗದದ್ದೊಂದು. ನಾನು ಹುಟ್ಟಿ ಬೆಳೆದದ್ದು ಕ್ವಾರ್ಟರ್ಸಿನಲ್ಲಿ. ಪಾಳಿ ಮುಗಿಸಿ ಬಂದವರು ಒಬ್ಬೊಬ್ಬರು ಒಂದೊಂದು ಹಿಡಿಯುತ್ತಿದ್ದರು: ಕೆಲವರು ಇಸ್ಪೀಟು, ಕೆಲವರು ಭಜನೆ, ಕೆಲವರು ನಾಟಕ. ಅಪ್ಪ ಮತ್ತು ಅವನ ಜೊತೆ ಕೆಲಸ ಮಾಡುತ್ತಿದ್ದ ಭಾಯಿ ಹಿಡಿದದ್ದು ಹೋಮರ್ ಪಾರಿವಾಳ. ಭಾಯಿ ಅಂದರೆ ಭಾಯಿ. ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಅವರ ಹೆಸರೇ ಅದು. ಯಂತ್ರದ ಬಿಡಿಭಾಗ ತುಂಬಿ ಬಂದ ಹಳೇ ಮರದ ಪೆಟ್ಟಿಗೆಗಳನ್ನು ಕೊಂಡು ತಂದು, ಮನೆ ಹಿಂದೆ ಆಳು ಎತ್ತರದ ಗೂಡು ಕಟ್ಟಿದರು. ಒಳಗೆ ಹೋಗಿ ನಿಲ್ಲಬಹುದು, ಕೂರಬಹುದು. ಅಮ್ಮ ಬೈದ ದಿನ ಅಪ್ಪ ಊಟವನ್ನೂ ಅಲ್ಲೇ ಮಾಡಿದ್ದಿದೆ.

ಆ ಕಾಲದ ನನ್ನ ಅತಿ ಒಳ್ಳೆಯ ನೆನಪು ರೈಲಿನದು. ಬಿದಿರಿನ ಬುಟ್ಟಿಯಲ್ಲಿ ಎಂಟೋ ಹತ್ತೋ ಪಾರಿವಾಳ ತುಂಬಿಕೊಂಡು, ಮೇಲೆ ಹಳೇ ಲುಂಗಿ ಕಟ್ಟಿಕೊಂಡು, ಭಾಯಿ ಬೀರೂರಿನ ಕಡೆಯ ರೈಲು ಹತ್ತುತ್ತಿದ್ದರು. ಮರಿಗಳಾದರೆ ಮೊದಲು ಐದು ಕಿಲೋಮೀಟರು ಸೈಕಲ್ಲಿನಲ್ಲೇ. ಆಮೇಲೆ ತರೀಕೆರೆ. ಅದು ಸರಿ ಹೋದರೆ ಬೀರೂರು. ಅಲ್ಲಿ ನಿಲ್ದಾಣದಿಂದ ಹೊರಗೆ ಬಂದು ಬುಟ್ಟಿ ಬಿಚ್ಚಿದರೆ, ಒಂದೆರಡು ಸುತ್ತು ಹೊಡೆದು ದಿಕ್ಕು ಹಿಡಿಯುತ್ತಿದ್ದವು. ಗಂಟೆಗೆ ಅರವತ್ತು ಎಪ್ಪತ್ತು ಕಿಲೋಮೀಟರು ಅವಕ್ಕೆ ಲೆಕ್ಕವಲ್ಲ. ಭಾಯಿ ಅಲ್ಲಿ ಟೀ ಕುಡಿದು ವಾಪಸ್ ರೈಲಿಗೆ ಕಾಯುತ್ತಿರುವಾಗಲೇ ಇಲ್ಲಿ ಅಪ್ಪ ಗಡಿಯಾರ ಹಿಡಿದು ನೋಟ್ ಬುಕ್ಕಿನಲ್ಲಿ ರಿಂಗಿನ ನಂಬರು ಬರೆದುಕೊಳ್ಳುತ್ತಿದ್ದ. ಪಂದ್ಯ ಅಂದರೆ ಅವರಿಬ್ಬರ ನಡುವಿನದು. ಗೆದ್ದವನಿಗೆ ಸೋತವನು ಮಸಾಲೆ ದೋಸೆ ಕೊಡಿಸಬೇಕು. 2020ರ ನವೆಂಬರಿನಲ್ಲಿ ಬೆಲ್ಜಿಯಂನ 'ನ್ಯೂ ಕಿಮ್' ಎಂಬ ಹೆಣ್ಣು ಪಾರಿವಾಳ ಹದಿನಾರು ಲಕ್ಷ ಯೂರೋಗೆ ಹರಾಜಾಯಿತಲ್ಲ, ಆ ಸುದ್ದಿ ಫೋನಿನಲ್ಲಿ ತೋರಿಸಿದಾಗ ಅಪ್ಪ ಬಹಳ ಹೊತ್ತು ಅದರ ಫೋಟೋ ನೋಡಿ, "ಕಣ್ಣು ಚೆನ್ನಾಗಿದೆ. ಆದ್ರೆ ನಮ್ಮ ಭಾಯಿ ಕಪ್ಪು ಪಟ್ಟೆಯದು ಇದಕ್ಕಿಂತ ಎದೆಗಾರಿಕೆಯದು" ಅಂದಿದ್ದ.

ಅವು ದಾರಿ ಹೇಗೆ ಹಿಡಿಯುತ್ತವೆ ಅನ್ನುವುದಕ್ಕೆ ಪುಸ್ತಕಗಳು ಹಲವು ಉತ್ತರ ಕೊಡುತ್ತವೆ. ಸೂರ್ಯ ಇರುವ ದಿಕ್ಕು, ಭೂಮಿಯ ಕಾಂತಕ್ಷೇತ್ರ, ಗಾಳಿ ಹೊತ್ತು ತರುವ ವಾಸನೆ, ಹತ್ತಿರ ಬಂದ ಮೇಲೆ ಕಣ್ಣಿಗೆ ಪರಿಚಯವಾದ ರಸ್ತೆ, ರೈಲು ಹಳಿ. ಒಡಿಶಾ ಪೊಲೀಸರು 1946ರಲ್ಲಿ ಶುರು ಮಾಡಿದ ಪಾರಿವಾಳದ ಅಂಚೆ 1982ರ ಪ್ರವಾಹದಲ್ಲಿ ತಂತಿಗಳೆಲ್ಲ ಕಡಿದಾಗಲೂ ಸುದ್ದಿ ಮುಟ್ಟಿಸಿತ್ತು. ಅಪ್ಪನ ಉತ್ತರ ಇದಕ್ಕಿಂತ ಚಿಕ್ಕದು: "ಜೋಡಿ ಇದೆ, ಮೊಟ್ಟೆ ಇದೆ, ಕಾಳಿದೆ. ಬರದೇ ಎಲ್ಲಿಗೆ ಹೋಗ್ತವೆ?"

ನಿವೃತ್ತನಾದ ಮೇಲೆ ಅಪ್ಪ ಸೋಗಾನೆಯಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಕೋಣೆಯ ಮನೆ ಕಟ್ಟಿದ. ಮನೆಗಿಂತ ಮುಂಚೆ ಗೂಡಿನ ಪ್ಲಾನು ಬಂತು ಅಂತ ಅಮ್ಮ ಈಗಲೂ ಹೇಳುತ್ತಾಳೆ. ಜಾಗ ಸಾಲದೆ ತಾರಸಿ ಮೆಟ್ಟಿಲ ತಲೆಯ ಕೋಣೆಯನ್ನೇ ಗೂಡು ಮಾಡಿದ. ಮೂರು ಕಡೆ ಗೋಡೆ, ಮೇಲೆ ಆರ್‌ಸಿಸಿ, ಒಂದೇ ಕಿಟಕಿ. ಈಗ ಯೋಚಿಸಿದರೆ ಎಲ್ಲ ತಪ್ಪೂ ಅಲ್ಲೇ ಆಗಿತ್ತು. ಪಾರಿವಾಳದ ರೆಕ್ಕೆಯಿಂದ ಹಿಟ್ಟಿನಂಥ ಬಿಳಿ ಪುಡಿ ಸದಾ ಉದುರುತ್ತಿರುತ್ತದೆ. ಒಣಗಿದ ಹಿಕ್ಕೆಯೂ ಪುಡಿಯಾಗಿ ಗಾಳಿಗೆ ಸೇರುತ್ತದೆ. ಬಯಲಿನಲ್ಲಾದರೆ ಹಾರಿ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡಬೇಕು. ಅದರಲ್ಲಿರುವ ಪ್ರೋಟೀನಿನ ವಿರುದ್ಧ ಕೆಲವರ ಶ್ವಾಸಕೋಶ ತಿರುಗಿ ಬೀಳುತ್ತದೆ. ಇದು ಸೋಂಕಲ್ಲ, ಅಂಟುಜಾಡ್ಯವಲ್ಲ, ಒಂದು ಬಗೆಯ ಅಲರ್ಜಿ ಅಂದರು ಡಾಕ್ಟರು. ಗೂಡು ಗುಡಿಸಿದ ಐದಾರು ಗಂಟೆಗೆ ಜ್ವರ, ಕೆಮ್ಮು, ಏದುಸಿರು. ವರ್ಷಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶ ಗಾಯದ ಕಲೆ ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಆದ ಕಲೆ ಮತ್ತೆ ಹೋಗುವುದಿಲ್ಲ. ಪಾರಿವಾಳ ಸಾಕುವವರ ಹೆಸರಲ್ಲೇ ವೈದ್ಯಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆಯಂತೆ. ಅಪ್ಪನಿಗೆ ಅದು ಸ್ವಲ್ಪ ಹೆಮ್ಮೆಯ ವಿಷಯವೇ ಆಯಿತು ಅನ್ನಿಸುತ್ತದೆ.

"ಮಾತ್ರೆ ಕೊಡ್ತೀನಿ. ಆದ್ರೆ ಮದ್ದು ಅಂದ್ರೆ ಪಾರಿವಾಳ ಬಿಡೋದೇ," ಅಂದರು ಡಾಕ್ಟರು.

ಹೊರಗೆ ಬಂದು ಆಟೋಗೆ ಕಾಯುವಾಗ ಅಪ್ಪ ಕೇಳಿದ: "ಬಿಡೋದು ಅಂದ್ರೆ? ದಿನಾ ಬೆಳಗ್ಗೆ ಬಿಡ್ತಾನೇ ಇದೀನಲ್ಲ?"

ನಗು ಬರಬೇಕಿತ್ತು. ಬರಲಿಲ್ಲ.

ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಅಪ್ಪನ ಪಂದ್ಯ ಅರ್ಧ ನಿಂತೇ ಹೋಗಿತ್ತು. 2023ರ ಫೆಬ್ರವರಿ 27ಕ್ಕೆ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಇಳಿಯಿತು. ಮೂರು ಸಾವಿರದ ಇನ್ನೂರು ಮೀಟರಿನ ರನ್‌ವೇ. ವಿಮಾನ ನಿಲ್ದಾಣದ ಸುತ್ತ ಹತ್ತು ಕಿಲೋಮೀಟರಿನೊಳಗೆ ಪ್ರಾಣಿ ಕಡಿಯುವುದು, ಕಸ ಸುರಿಯುವುದು ಕೂಡದು ಅಂತ 1937ರ ವಿಮಾನ ನಿಯಮಗಳಲ್ಲೇ ಇದೆ, ಕಾರಣ ಹಕ್ಕಿಗಳು. ಮುನ್ನೂರು ನಾನ್ನೂರು ಗ್ರಾಮಿನ ಹಕ್ಕಿ ಎಂಜಿನ್ನಿಗೆ ಸಿಕ್ಕಿದರೆ ಏನಾಗುತ್ತದೆ ಅಂತ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರ ನೋಡಿದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಯಾರೂ ಬಂದು ಕೇಳುವ ಮೊದಲೇ ಗುಂಪು ಹಾರಿಸುವುದನ್ನು ನಿಲ್ಲಿಸಿದ. ವಿಮಾನ ಬರುವ ಹೊತ್ತು ಅವನಿಗೆ ಪಂಚಾಂಗದ ರಾಹುಕಾಲದಂತೆ ಬಾಯಿಪಾಠ.

ಮೂವತ್ತಾರನ್ನೂ ಕೊಟ್ಟುಬಿಟ್ಟೆವು. ಭಾಯಿಯ ತಂಗಿಯ ಮಗ ದಾವಣಗೆರೆಯಲ್ಲಿ ಸಾಕುತ್ತಿದ್ದ. ಗಾಡಿ ತಂದು ತುಂಬಿಕೊಂಡು ಹೋದ. ಅಪ್ಪ ಒಂದೊಂದರದ್ದೂ ರಿಂಗ್ ನಂಬರು, ಅಪ್ಪ ಅಮ್ಮ ಯಾರು, ಯಾವ ಕಾಳು ಇಷ್ಟ ಅಂತ ಬರೆದ ನೋಟ್ ಬುಕ್ ಕೊಟ್ಟ. ಮೆಟ್ಟಿಲ ಕೋಣೆಯನ್ನು ನಾನು ನೀರು ಹೊಡೆದು ತೊಳೆದು, ಸುಣ್ಣ ಬಳಿದೆ. ಆ ವಾರ ಮನೆಯಲ್ಲಿ ಇದ್ದ ಸದ್ದಿಲ್ಲದಿರುವಿಕೆ ಹೇಗಿತ್ತೆಂದರೆ, ಕಾರ್ಖಾನೆಯ ಸೈರನ್ ನಿಂತಾಗ ಕ್ವಾರ್ಟರ್ಸಿನವರಿಗೆ ನಿದ್ದೆ ಬಾರದ ಹಾಗೆ.

ಆದರೆ ಹೋಮರ್ ಅನ್ನು ಕೊಡುವುದು ಅಷ್ಟು ಸುಲಭವಲ್ಲ. ಒಂದು ಗೂಡಿಗೆ ಹೊಂದಿಕೊಂಡ ಹಕ್ಕಿಯನ್ನು ಇನ್ನೊಂದು ಊರಿಗೆ ಒಯ್ದರೆ, ಅದನ್ನು ಹಾರಲು ಬಿಡುವಂತಿಲ್ಲ. ಕೂಡಿಹಾಕಿಯೇ ಮರಿ ಮಾಡಿಸಬೇಕು. ಆ ಮರಿ ಮಾತ್ರ ಹೊಸ ಊರಿನದಾಗುತ್ತದೆ. ಸಾಕುವವರು ಇಂಥವನ್ನು ಕೈದಿಗಳು ಅನ್ನುತ್ತಾರೆ. (ನಮ್ಮ ಸೋಗಾನೆಯಲ್ಲಿ ಜೈಲೂ ಇದೆ, ಅಪ್ಪ ಅದರ ಮುಂದೆ ಹಾದು ಹೋಗುವಾಗ ಈ ಜೋಕು ತಪ್ಪದೆ ಹೇಳುತ್ತಿದ್ದ.) ದಾವಣಗೆರೆಯ ಹುಡುಗ ಎರಡು ತಿಂಗಳು ಕಾದು, ಸಾಕು ಅಂದುಕೊಂಡು ಬಾಗಿಲು ತೆರೆದ. ಮಾರನೆಯ ದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಾ ಹೊರಗೆ ಬಂದರೆ, ನೀರಿನ ಟ್ಯಾಂಕಿನ ಮೇಲೆ ನಾಲ್ಕು ಪಾರಿವಾಳ. ಸಂಜೆಗೆ ಆರು. ಸುಣ್ಣ ಬಳಿದ ಕೋಣೆಯ ಮುಚ್ಚಿದ ಕಿಟಕಿಗೆ ಬಂದು ಬಂದು ಬಡಿಯುತ್ತಿದ್ದವು.

ಅಪ್ಪ ಜಗಲಿಯಲ್ಲಿ ನಿಂತು ಮೇಲೆ ನೋಡುತ್ತಿದ್ದ. ನನಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ಕಾಳು ಹಾಕಬೇಡ ಅಪ್ಪಾ, ಹಾಕಿದ್ರೆ ಇಲ್ಲೇ ನಿಲ್ತವೆ" ಅಂದೆ. "ಹಾಕದಿದ್ರೂ ಇಲ್ಲೇ ನಿಲ್ತವೆ" ಅಂದ.

ಒಳಗೆ ಹೋಗಲಾಗದ ಗೂಡು ಕಟ್ಟುವ ಯೋಚನೆ ಬಂದದ್ದು ಆ ರಾತ್ರಿ. ಗೂಡು ದೊಡ್ಡದಿದ್ದಷ್ಟೂ ಸಾಕುವವನು ಅದರೊಳಗೆ ಹೋಗಬೇಕು. ಒಳಗೆ ಹೋದರೆ ತಾನೇ ಧೂಳು? ಕೈ ಮಾತ್ರ ಒಳಗೆ ಹೋಗುವಷ್ಟು ಚಿಕ್ಕದಿದ್ದರೆ? ಆಚಾರ್ರನ್ನು ಕರೆಸಿದೆ. ಸೈಟಿನ ಕೊನೆಯಲ್ಲಿ, ಮನೆಯ ಕಿಟಕಿಗಳಿಂದ ಆದಷ್ಟು ದೂರದಲ್ಲಿ, ನಾಲ್ಕು ಕಾಲಿನ ಮೇಲೆ ಒಂದು ಉದ್ದನೆಯ ಪೆಟ್ಟಿಗೆ. ಉದ್ದ ಆರಡಿ, ಆಳ ಎರಡಡಿ, ಎರಡೆರಡು ಅಡಿಯ ಮೂರು ಖಾನೆ, ಜೋಡಿಗೆ ಒಂದು. ನೆಲಕ್ಕೆ ಹಲಗೆ ಇಲ್ಲ, ಅರ್ಧ ಇಂಚಿನ ತಂತಿ ಬಲೆ. ಹಿಕ್ಕೆ ಕೆಳಗಿನ ತಗಡಿನ ತಟ್ಟೆಗೆ ಬೀಳುತ್ತದೆ, ತಟ್ಟೆಯನ್ನು ಡ್ರಾಯರಿನ ಹಾಗೆ ಹೊರಗೆಳೆಯಬಹುದು. ಬೆನ್ನು ಪಶ್ಚಿಮಕ್ಕೆ, ಮಳೆ ಹೊಡೆಯುವ ಕಡೆ ಪೂರ್ತಿ ಮುಚ್ಚಿ. ಮುಖ ಪೂರ್ವಕ್ಕೆ, ಎಳೆ ಬಿಸಿಲಿಗೆ ಪೂರ್ತಿ ಬಲೆ. ಪಕ್ಕಕ್ಕೂ ಕೂರುವ ಕೋಲಿಗೂ ಅಡಿಕೆ ದಬ್ಬೆ. ಮೇಲೆ ತಗಡು ಬೇಡ ಅಂದೆ. ಬೇಸಿಗೆಯಲ್ಲಿ ಕಾಯುತ್ತದೆ, ಮಳೆಯಲ್ಲಿ ಒಳಗೆ ಬೆವರುತ್ತದೆ. ಭಾಯಿ ಮನೆಯಲ್ಲಿ ಬಿದ್ದಿದ್ದ ಮಂಗಳೂರು ಹೆಂಚು ಬಂತು. ಕಾಲುಗಳ ನಡುವಿಗೆ ನುಣುಪು ತಗಡು ಸುತ್ತಿದ್ದು ಬೆಕ್ಕು, ಹಾವು ಹತ್ತದಿರಲಿ ಅಂತ. ಬುಡದಲ್ಲಿ ನೀರಿನ ಡಬ್ಬಿ ಇರುವೆಗೆ. ಹೊರಗಿನಿಂದ ತಳ್ಳಿದರೆ ತೆರೆದುಕೊಂಡು ಒಳಗಿನಿಂದ ತಳ್ಳಿದರೆ ತೆರೆಯದ ಸರಿಗೆಯ ಬಾಗಿಲನ್ನು ಅಪ್ಪನೇ ದೂರದಲ್ಲಿ ಕುಳಿತು, ಸೈಕಲ್ ಕಡ್ಡಿಗಳಿಂದ ಮಾಡಿಕೊಟ್ಟ.

ನನಗೆ ಅತ್ಯಂತ ಹೆಮ್ಮೆ ತಂದದ್ದು ಒಂದು ಸಣ್ಣ ವಸ್ತು. ಮೊಟ್ಟೆ ಇಡಲು ಎಲ್ಲರೂ ಮಣ್ಣಿನ ಬೋಗುಣಿ ಇಡುತ್ತಾರೆ. ಒಂದು ಸೂಲು ಮುಗಿಯುವ ಹೊತ್ತಿಗೆ ಅದಕ್ಕೆ ಹಿಕ್ಕೆ ಕಲ್ಲಿನ ಹಾಗೆ ಅಂಟಿರುತ್ತದೆ. ಕೆರೆಯುವಾಗಲೇ ಹೆಚ್ಚು ಧೂಳು. ನಾನು ಅಡಿಕೆ ಹಾಳೆಯ ಬಟ್ಟಲು ಇಟ್ಟೆ. ಎರಡು ಮೊಟ್ಟೆ, ಹೆಚ್ಚು ಕಡಿಮೆ ಹದಿನೆಂಟು ದಿನ ಕಾವು, ಗಂಡು ಹಗಲು ಹೊತ್ತು ಕೂತರೆ ಹೆಣ್ಣು ಸಂಜೆಯಿಂದ ಬೆಳಗಿನವರೆಗೆ. ಮರಿ ಎದ್ದು ಹೊರಟ ಮೇಲೆ ಬಟ್ಟಲನ್ನೇ ಒದ್ದೆ ಮಾಡಿ ಗೊಬ್ಬರದ ಗುಂಡಿಗೆ. ಕೆರೆಯುವುದೇ ಇಲ್ಲ. ಭಾಯಿ ಬಂದು ನೋಡಿ, "ನಲವತ್ತು ವರ್ಷ ನಮಗೆ ಹೊಳೀಲಿಲ್ಲವಲ್ರೀ ಗೌಡ್ರೇ, ಹುಡುಗಿಗೆ ಹೊಳೀತು" ಅಂದರು. ಈಗ ಮರಿಯೂ ಮಾಡಿಸುವುದಿಲ್ಲ, ಮೂರು ಜೋಡಿ ದಾಟಬಾರದು. ಮೊಟ್ಟೆ ತೆಗೆದು ಹುಸಿ ಮೊಟ್ಟೆ ಇಡುತ್ತೇನೆ. ಅದು ಬೇರೆ ಬೇಸರ.

ಕೆಲಸವೆಲ್ಲ ನನ್ನದು. ಮಾಸ್ಕ್, ಗೂಡಿಗೇ ಮೀಸಲಾದ ಒಂದು ಹಳೇ ಅಂಗಿ, ತಟ್ಟೆ ಎಳೆಯುವ ಮೊದಲು ಸ್ಪ್ರೇ ಬಾಟಲಿಯಿಂದ ನೀರು, ಮುಗಿದ ಮೇಲೆ ಸ್ನಾನ. ವಾರಕ್ಕೆರಡು ಸಲ ಅವಕ್ಕೂ ಟಬ್ಬಿನಲ್ಲಿ ಸ್ನಾನ. ರೆಕ್ಕೆಯ ಪುಡಿ ನೀರಿಗೆ ಬಿಡುತ್ತದೆ. ಅಪ್ಪ ಅಡುಗೆಮನೆಯ ಕಿಟಕಿಯ ಗಾಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಡಾಕ್ಟರಿಗೆ ಇದ್ಯಾವುದೂ ಒಪ್ಪಿಗೆಯಿಲ್ಲ. ಅವರಿಗೆ ಎಲ್ಲವನ್ನೂ ಹೇಳಿದೆ, ಪೆಟ್ಟಿಗೆಯ ಫೋಟೋ ತೋರಿಸಿದೆ. "ಚೆನ್ನಾಗಿ ಮಾಡಿದೀರಿ. ಆದ್ರೂ ನಾನು ಬೇಡ ಅಂತಲೇ ಬರೀತೀನಿ" ಅಂದು ಚೀಟಿಯಲ್ಲಿ ಬರೆದರು. ಆರು ತಿಂಗಳ ಮೇಲಿನ ಸ್ಕ್ಯಾನಿನಲ್ಲಿ ಕಲೆ ಹೆಚ್ಚಾಗಿರಲಿಲ್ಲ. ಕಡಿಮೆಯೂ ಆಗಿರಲಿಲ್ಲ. ಅದು ಮಾತ್ರೆಯ ಗುಣವೋ, ಮೂವತ್ತು ಹಕ್ಕಿ ಹೋದದ್ದರ ಗುಣವೋ ಗೊತ್ತಿಲ್ಲ. ನಾನು ಅಪ್ಪನನ್ನು ಉಳಿಸಿಕೊಳ್ಳುತ್ತಿದ್ದೇನೋ, ನನಗೆ ಬೇಕಾದ ಅಪ್ಪನನ್ನು ಉಳಿಸಿಕೊಳ್ಳುತ್ತಿದ್ದೇನೋ ಅನ್ನುವ ಪ್ರಶ್ನೆ ತಟ್ಟೆ ತೊಳೆಯುವಾಗ ಕೆಲವೊಮ್ಮೆ ಬರುತ್ತದೆ.

ಕಳೆದ ದೀಪಾವಳಿಯ ಹಿಂದಿನ ದಿನ ಹೆಂಚಿನ ಮೇಲೆ ಇನ್ನೊಂದು ಬಂದು ಕೂತಿತ್ತು. ಬಾಲದ ಗರಿ ಅರ್ಧ ಇರಲಿಲ್ಲ, ಗಿಡುಗ ಹಿಡಿದು ಬಿಟ್ಟಿರಬೇಕು. ದಾವಣಗೆರೆಗೆ ಫೋನ್ ಮಾಡಿದರೆ, ಅದು ತಪ್ಪಿಸಿಕೊಂಡು ಮೂರು ವಾರವಾಯಿತು ಅಂದ ಹುಡುಗ. ಬರುವ ದಾರಿಯಲ್ಲಿ ಎಲ್ಲಿತ್ತೋ. ಖಾನೆ ಮೂರೇ, ಜೋಡಿ ಮೂರೇ. ನಾನು ಮಾಸ್ಕ್ ಹಾಕಿಕೊಂಡು, ಮೆಕ್ಕೆಜೋಳದ ಡಬ್ಬಿ ಅಲ್ಲಾಡಿಸಿ ಕರೆದು, ಮೆಲ್ಲಗೆ ಕೈಯಲ್ಲಿ ಹಿಡಿದೆ. ತೂಕವೇ ಇರಲಿಲ್ಲ.

ಅಡುಗೆಮನೆಯ ಕಿಟಕಿ ಒಂದಿಂಚು ತೆರೆಯಿತು.

"ಕಿಟಕಿ ಮುಚ್ಚು ಅಪ್ಪಾ."

"ಮುಚ್ತೀನಿ. ರಿಂಗ್ ನಂಬರ್ ಓದು ಮೊದ್ಲು," ಅಂದ ಅಪ್ಪ. ಕೈಯಲ್ಲಿ ಹೊಸ ನೋಟ್ ಬುಕ್ ಇತ್ತು.