ಮುಚ್ಚಿಟ್ಟ ಬಾಕಿ

ಕೋಲಸಿರ್ಸಿಯಲ್ಲಿದ್ದ ನನ್ನ ತಂಗಿಯ ಬಲಗಣ್ಣು 2016ರ ಮಳೆಗಾಲದಲ್ಲಿ ಕ್ರಮೇಣ ಗುಳಿಬೀಳತೊಡಗಿತು. ಒಂದು ವಸ್ತು ಎರಡಾಗಿ ಕಾಣುತ್ತದೆ ಎನ್ನುತ್ತಿದ್ದಳು. ವಯಸ್ಸಿನ ಸೊರಗೆಂದು ನಾವು ಉಪೇಕ್ಷಿಸಿದೆವು. ಕೊನೆಗೆ ನೇತ್ರವೈದ್ಯರೊಬ್ಬರು ಕಣ್ಣನ್ನು ಪರೀಕ್ಷಿಸಿ, "ಎದೆಯಲ್ಲಿ ಗಂಟೇನಾದರೂ ಇದೆಯೇ, ತಾಯಿ?" ಎಂದು ಕೇಳಿದರು. ಆಕೆ ತಲೆ ತಗ್ಗಿಸಿದಳು. ಎರಡು ವರ್ಷಗಳಿಂದ ಇದ್ದ ಗಂಟನ್ನು ಸಂಕೋಚದಿಂದ ಯಾರಿಗೂ ಹೇಳಿರಲಿಲ್ಲ.

ದೇಹದ ಬೇರೆಡೆ ಹುಟ್ಟಿದ ಕ್ಯಾನ್ಸರ್ ರಕ್ತದ ಮೂಲಕ ಕಣ್ಣುಗುಡ್ಡೆಯ ಹಿಂದಿನ ಎಲುಬಿನ ಗೂಡನ್ನು ಸೇರುವುದು ವಿರಳ. ವಯಸ್ಕರಲ್ಲಿ ಹೀಗೆ ಹರಡುವವುಗಳಲ್ಲಿ ಸ್ತನದ ಕ್ಯಾನ್ಸರೇ ಮೊದಲನೆಯದು. ಶ್ವಾಸಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯವೂ ಉಂಟು. ಸಾಮಾನ್ಯವಾಗಿ ಕಣ್ಣು ಮುಂದಕ್ಕೆ ಉಬ್ಬುತ್ತದೆ. ಆದರೆ ಸ್ತನ ಕ್ಯಾನ್ಸರಿನ ಒಂದು ಬಗೆಯಲ್ಲಿ ಒಳಗಿನ ಅಂಗಾಂಶ ನಾರುಗಟ್ಟಿ ಕುಗ್ಗಿ, ಕಣ್ಣನ್ನು ಹಿಂದಕ್ಕೆ ಸೆಳೆಯುತ್ತದೆ. ತಂಗಿಗೆ ಆದದ್ದು ಇದೇ.

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕಿರಣ ಚಿಕಿತ್ಸೆ ದೊರೆತು ನೋವು ಇಳಿಯಿತು. ರೋಗ ವಾಸಿಯಾಗದೆಂದು ವೈದ್ಯರು ನನಗೆ ತಿಳಿಸಿದ್ದರು. ನಾನಾದರೋ ತಂಗಿಗೆ, "ಗಂಟು ಸಾಧಾರಣದ್ದು, ಕಣ್ಣು ನರದ ದೌರ್ಬಲ್ಯ" ಎಂದೆ. ಇತರರಿಗೆ ವಿಪತ್ತು ತರುವ ಸತ್ಯವನ್ನೂ ಆಡಬಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಒಂದು ಸಂಜೆ ಆಕೆ ಕೇಳಿದಳು: "ಅಣ್ಣಾ, ಖಾತೆಯಲ್ಲಿ ಬಾಕಿ ಮುಚ್ಚಿಡಬಾರದೆಂದು ಕಲಿಸಿದವನು ನೀನು. ನನ್ನ ಲೆಕ್ಕವನ್ನು ನನಗೇ ಏಕೆ ತೋರಿಸುವುದಿಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದೆ. ಆಕೆ ಅತ್ತಳು, ಬಹಳ ಹೊತ್ತು ಸುಮ್ಮನೆ ಕುಳಿತಳು. ಅನಂತರದ ಏಳು ತಿಂಗಳಲ್ಲಿ ಸೋಂದೆಯ ಸ್ವಾದಿ ಮಠಕ್ಕೆ ಹೋಗಿಬಂದಳು. ಹಲವು ವರ್ಷ ಮಾತು ಬಿಟ್ಟಿದ್ದ ನಾದಿನಿಯ ಮನೆಗೆ ತಾನೇ ನಡೆದು ಹೋಗಿ ಕ್ಷಮೆ ಕೇಳಿದಳು. ಬಳೆಗಳನ್ನು ಮಾರಿಸಿ ಔಷಧದಾನಕ್ಕಿತ್ತಳು. ನನ್ನ ಸುಳ್ಳು ಉಳಿದಿದ್ದರೆ ಇವೆಲ್ಲಕ್ಕೂ ಆಕೆಗೆ ವೇಳೆಯಿರುತ್ತಿರಲಿಲ್ಲ.

ವಿಪತ್ತಿನಿಂದ ನಾನು ಕಾಪಾಡಿದ್ದು ಆಕೆಯನ್ನಲ್ಲ, ಆಕೆಯ ಕಣ್ಣೀರನ್ನು ನೋಡಲಾರದ ನನ್ನನ್ನು ಎಂದು ಈಗ ತಿಳಿಯುತ್ತದೆ.

ಬಸದಿಯ ಟ್ರಸ್ಟುಗಳಲ್ಲಿ ನನ್ನದೊಂದು ವಿನಂತಿ. ಔಷಧದಾನದ ನಿಧಿ ಕೂಡಿಸುವಂತೆಯೇ ವರ್ಷಕ್ಕೊಮ್ಮೆ ಮಹಿಳಾ ವೈದ್ಯರೊಬ್ಬರನ್ನು ಕರೆಸಿ, ನಮ್ಮ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಮಾತನಾಡಲು ಒಂದು ಕೋಣೆಯನ್ನು ಬಿಟ್ಟುಕೊಡಿರಿ. ಗಂಟಿನ ಮಾತು ಎರಡು ವರ್ಷ ಮೊದಲೇ ಹೊರಬಂದಿದ್ದರೆ ಚಿಕಿತ್ಸೆಗೆ ಹೆಚ್ಚಿನ ಅವಕಾಶವಿರುತ್ತಿತ್ತು.