ಬೇಡ ಎಂದವರ ಬಾಗಿಲು

ಯಾವ ಉದ್ದೇಶವೂ ಇಲ್ಲದೆ ಇನ್ನೊಬ್ಬರಿಗೆ ಒಳ್ಳೆಯದು ಮಾಡುತ್ತೇನೆ ಎನ್ನುವವರನ್ನು ಕಂಡರೆ ನನಗೆ ಒಂದಿಷ್ಟು ಅಸೂಯೆ, ಒಂದಿಷ್ಟು ಅನುಮಾನ. ಅಸೂಯೆ ಯಾಕೆಂದರೆ ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ಎರಡು ವರ್ಷ ನಾನು ಮಾಡಿದ ಒಳ್ಳೆಯ ಕೆಲಸಕ್ಕೆಲ್ಲ ಒಂದು ಉದ್ದೇಶವಿತ್ತು. ಅದನ್ನು ಕಪ್ಪು ಬಿಲ್ಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆಸಿ ಎದೆಯ ಮೇಲೆ ಹಾಕಿಕೊಂಡೇ ತಿರುಗುತ್ತಿದ್ದೆ. ಅನುಮಾನ ಯಾಕೆಂದರೆ, ಬಿಲ್ಲೆ ಹಾಕಿಕೊಳ್ಳದವರ ಉದ್ದೇಶ ಜೇಬಿನಲ್ಲಿರಬಹುದು.

ನಾನು ಮಾರ್ಮನ್ ಮಿಷನರಿಯಾಗಿದ್ದವನು. ಸಭೆಯ ಪೂರ್ತಿ ಹೆಸರು ‘ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’. ಪೂರ್ತಿ ಹೆಸರನ್ನೇ ಹೇಳಿ ಎಂದು ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಸೂಚಿಸಿದ ಮೇಲೂ ಲೋಕದ ಬಾಯಲ್ಲಿ ಉಳಿದಿರುವುದು ಮಾರ್ಮನ್ ಎಂದೇ. ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಟ್ಟಿದ ಸಭೆ. ಈಗ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ಹದಿನೆಂಟು ತುಂಬಿದ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ, ಸಂಬಳವಿಲ್ಲದೆ, ಕಳಿಸಿದ ಕಡೆ ಹೋಗಿ ಸುವಾರ್ತೆ ಸಾರುತ್ತಾರೆ. ಊರು ಆರಿಸಿಕೊಳ್ಳುವಂತಿಲ್ಲ. ಬೆಂಗಳೂರು 1993ರಿಂದ ಇಂಥ ಒಂದು ಮಿಷನ್ನಿನ ಕೇಂದ್ರ. ಅಮೆರಿಕದ ಹುಡುಗರು ಎಷ್ಟೋ ಮಂದಿ ಇಲ್ಲಿಗೆ ಬಂದು ಹೋಗಿದ್ದಾರೆ. ನನ್ನನ್ನು ಉಲ್ಟಾ ದಿಕ್ಕಿಗೆ ಕಳಿಸಿದರು, ಪ್ರೆಸ್ಟನ್ ಎಂಬ ಊರಿಗೆ.

ನಮ್ಮ ಮನೆಯ ಕ್ರೈಸ್ತತನದ ಮೂಲ ಮಂಗಳೂರು. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಅಲ್ಲಿಗೆ ಬಂದರು. ಮತ ಬದಲಿಸಿದವರನ್ನು ಜಾತಿ ಹೊರಗಿಟ್ಟಾಗ ಅವರ ಹೊಟ್ಟೆಪಾಡಿಗೆಂದು ಮಿಷನ್ ಮಗ್ಗ ಹಾಕಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನನ್ನ ಅಜ್ಜನ ಅಜ್ಜ ಮಗ್ಗಕ್ಕೆ ಸೇರಿದವರು. ಅವರು ನಂಬಿ ಹೋದರೋ ನೂಲಿಗಾಗಿ ಹೋದರೋ ಎಂಬ ವಾದ ಕ್ರಿಸ್‌ಮಸ್ ಊಟದ ಹೊತ್ತಿಗೆ ನಮ್ಮಲ್ಲಿ ಇಂದಿಗೂ ಏಳುತ್ತದೆ. ನಾನು ಶಾಲೆಯಲ್ಲಿದ್ದಾಗ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಈ ಸಭೆ ಸೇರಿದರು. ಅಜ್ಜಿ ಮಾತ್ರ ತನ್ನ ಸಿಎಸ್ಐ ಚರ್ಚು ಬಿಡಲಿಲ್ಲ. “ಒಂದು ಮನೆತನಕ್ಕೆ ಒಂದು ಸಲ ಸಾಲದಾ?” ಎಂದಳು.

ಮಿಷನರಿಯ ವಾರಗಳು ಒಂದರ ಹಾಗೆ ಒಂದಿರುತ್ತವೆ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಬೇಕು. ನಡುವೆ ಓದು, ಪ್ರಾರ್ಥನೆ, ಬಾಗಿಲು ತಟ್ಟುವುದು, ಪಾಠ ಹೇಳುವುದು. ಸಿನಿಮಾ ಇಲ್ಲ, ಕಾದಂಬರಿ ಇಲ್ಲ, ಪ್ರೇಮ ಇಲ್ಲ. ಹೆಸರೂ ಅರ್ಧ ಹೋಗುತ್ತದೆ, ಮನೆತನದ ಹೆಸರಿಗೆ ಮೊದಲು ‘ಎಲ್ಡರ್’ ಅಂಟುತ್ತದೆ. ಕಂಪ್ಯಾನಿಯನ್ ಎಂಬ ಜೊತೆಗಾರ ಹಗಲೂ ರಾತ್ರಿ ಕಣ್ಣಳತೆಯಲ್ಲೇ ಇರಬೇಕು. ನನಗೆ ಸಿಕ್ಕವನು ಐಡಹೊದ ರೈತನ ಮಗ, ನನಗಿಂತ ಚಿಕ್ಕವನು. ಒಬ್ಬನೇ ಇರುವ ಹೊತ್ತೆಂದರೆ ಸ್ನಾನದ ಮನೆಯದು ಮಾತ್ರ. ಹಾಗಿದ್ದೂ ಆ ಎರಡು ವರ್ಷ ನನ್ನನ್ನು ನಾನು ನೋಡಿಕೊಂಡಷ್ಟು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ವಾರ ಶುರುವಾಗುವುದು ಸೋಮವಾರ, ಪಿ-ಡೇ ಎಂಬ ತಯಾರಿಯ ದಿನದಿಂದ. ಬಟ್ಟೆ ಒಗೆದು, ಸಾಮಾನು ತಂದು, ಮನೆಗೆ ಮಾತಾಡುವುದು. ಮೊದಲೆಲ್ಲ ಮಿಷನರಿಗಳು ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ದಿನ ಇದ್ದವು, ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. 2019ರ ಫೆಬ್ರುವರಿಯಲ್ಲಿ ಆ ನಿಯಮ ಸಡಿಲವಾಗಿ ವಾರಕ್ಕೊಮ್ಮೆ ಎಂದಾಯಿತು. ವೀಡಿಯೊದಲ್ಲಿ ಅಮ್ಮನ ಮೊದಲ ಪ್ರಶ್ನೆ “ಊಟ ಆಯ್ತೇನೋ?” ಅಪ್ಪನದು “ಎಷ್ಟು ಜನ ಕೇಳಿದ್ರು?” ಇಬ್ಬರದೂ ಪ್ರೀತಿಯೇ. ಅಮ್ಮನಿಗೆ ಸುಲಭವಾಗಿ ಸುಳ್ಳು ಹೇಳುತ್ತಿದ್ದೆ. ಅಪ್ಪನಿಗೆ ಹೇಳಲು ಸುಳ್ಳೂ ಸಿಗುತ್ತಿರಲಿಲ್ಲ, ಅಂಕಿ ಅಂಕಿಯೇ.

ಮಂಗಳವಾರದಿಂದ ಬೀದಿ. ಪ್ಲಂಗಿಂಗ್ಟನ್ ಕಡೆಯ ಕೆಂಪು ಇಟ್ಟಿಗೆಯ ಸಾಲುಮನೆಗಳು, ಹನಿಯುತ್ತಲೇ ಇರುವ ಮಳೆ. ಬಾಗಿಲು ತೆರೆದವರಲ್ಲಿ ಕೆಲವರು ನನ್ನ ಮುಖ ನೋಡಿ ಪಾರ್ಸೆಲ್ಲಿಗೆ ಕೈ ಚಾಚುತ್ತಿದ್ದರು. ಇನ್ನು ಕೆಲವರು ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ 2013ರಲ್ಲಿ ಶುರುವಾದ, ನಮ್ಮನ್ನೇ ಗೇಲಿ ಮಾಡುವ ಸಂಗೀತ ನಾಟಕದ ಹಾಡು ಗುನುಗಿ ಬಾಗಿಲು ಹಾಕುತ್ತಿದ್ದರು. ಒಳಗೆ ಕರೆದವರು ಮಾಡುತ್ತಿದ್ದ ಮೊದಲ ಕೆಲಸ ಕೆಟಲ್ ಹಚ್ಚುವುದು. ನಮಗೋ ಚಹಾ ವರ್ಜ್ಯ, ಕಾಫಿ ವರ್ಜ್ಯ. 1833ರಲ್ಲಿ ಜೋಸೆಫ್ ಸ್ಮಿತ್ ಕೊಟ್ಟ ಆರೋಗ್ಯದ ಕಟ್ಟಳೆ ಅದು. ಕಾಫಿ ಬೆಳೆಯುವ ನಾಡಿನಿಂದ ಚಹಾ ಕುಡಿಯುವ ನಾಡಿಗೆ ಹೋಗಿ ಎರಡನ್ನೂ ಬೇಡ ಎನ್ನುವ ಅತಿಥಿಯನ್ನು ಏನು ಮಾಡಬೇಕೆಂದು ಲ್ಯಾಂಕಾಷೈರಿನ ಅಜ್ಜಿಯರಿಗೆ ತೋಚುತ್ತಿರಲಿಲ್ಲ. ಬಿಸಿನೀರು ಕೊಟ್ಟು ಕರುಣೆಯಿಂದ ನೋಡುತ್ತಿದ್ದರು.

ಅಲ್ಲೊಬ್ಬ ಮುದುಕರಿದ್ದರು. ಹೆಂಡತಿ ತೀರಿಕೊಂಡಿದ್ದಳು, ಮಗಳು ದೂರದ ಊರಿನಲ್ಲಿ. ಪ್ರೆಸ್ಟನ್ನಿನ ದಕ್ಷಿಣಕ್ಕೆ ಅಂಟಿಕೊಂಡಂತಿರುವ ಲೇಲ್ಯಾಂಡ್ ಊರಿನ ಲಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅದು ತಿಳಿದದ್ದೇ ನನಗೆ ಖುಷಿ ತಡೆಯಲಾಗಲಿಲ್ಲ. ನಮ್ಮಲ್ಲಿ ಸರ್ಕಾರಿ ಬಸ್ಸುಗಳ ಮೂತಿಯ ಮೇಲೆ ಅದೇ ಹೆಸರಿದೆ, ಮದರಾಸಿನ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದದ್ದು ನಿಮ್ಮ ಆ ಲೇಲ್ಯಾಂಡಿನಿಂದಲೇ ಎಂದೆ. ಘಾಟಿ ಹತ್ತುವಾಗ ಆ ಬಸ್ಸು ಮಾಡುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಅವರು ನಕ್ಕು ಒಳಗೆ ಕರೆದರು. ಎಂಜಿನ್ನುಗಳ ಬಗ್ಗೆ ಮಾತು ಬಹಳ ಹೊತ್ತು ನಡೆಯಿತು. ಆ ಖುಷಿ ನೂರಕ್ಕೆ ನೂರು ನಿಜ. ಆದರೆ ಹೊರಗೆ ಬಂದು ಮುಂದಿನ ಬೀದಿಗೆ ತಿರುಗುವ ಹೊತ್ತಿಗೆ ಒಳಗೊಬ್ಬ ಲೆಕ್ಕಿಗ ಎದ್ದು ಕೂತಿದ್ದ: ಲೇಲ್ಯಾಂಡ್ ಕೆಲಸ ಮಾಡುತ್ತದೆ. ಆ ಮೇಲೆ ವಯಸ್ಸಾದ ಗಂಡಸರು ಬಾಗಿಲು ತೆರೆದರೆ ಸಾಕು, ಬಸ್ಸಿನ ಕತೆ ತಾನಾಗಿ ಬಾಯಿಗೆ ಬರುತ್ತಿತ್ತು. ಘಾಟಿಯ ಸದ್ದೂ ಸಹಿತ.

ನಮಗೆ ಯಾರೂ ನಾಟಕ ಕಲಿಸಿರಲಿಲ್ಲ. ನಾವು ಓದುತ್ತಿದ್ದ ಕೈಪಿಡಿ, 2004ರಲ್ಲಿ ಬಂದ ‘ಪ್ರೀಚ್ ಮೈ ಗಾಸ್ಪೆಲ್’, ಜನರನ್ನು ಪ್ರೀತಿಸಿ, ಅವರ ಮಾತು ಕಿವಿಗೊಟ್ಟು ಕೇಳಿ ಎಂದೇ ಹೇಳುತ್ತದೆ. ಕೇಳುತ್ತಲೂ ಇದ್ದೆ. ಆದರೆ ಎದುರಿನವರು ಸತ್ತ ಹೆಂಡತಿಯ ವಿಷಯ ಎತ್ತಿದಾಗ ಅವರ ದುಃಖಕ್ಕೆ ನನ್ನ ಕಣ್ಣು ತುಂಬುತ್ತಿದ್ದ ಕ್ಷಣದಲ್ಲೇ, ಕುಟುಂಬಗಳು ಸಾವಿನಾಚೆಗೂ ಒಂದಾಗಿರುತ್ತವೆ ಎಂಬ ನಮ್ಮ ಪಾಠಕ್ಕೆ ಇದೇ ಸಮಯ ಎಂದೂ ಅನ್ನಿಸುತ್ತಿತ್ತು. ಆ ಪಾಠವನ್ನು ನಾನು ನಂಬಿದ್ದೆ. ನಂಬಿದ್ದರಿಂದಲೇ ಕಗ್ಗಂಟು. ಸುಳ್ಳು ಸರಕು ಮಾರುವವನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿರುತ್ತದೆ. ತನಗೆ ಪ್ರಾಣವಾದದ್ದನ್ನು ಹಂಚಲು ಹೊರಟವನಿಗೆ ಪ್ರೀತಿ ಎಲ್ಲಿ ಮುಗಿಯಿತು, ಕಸುಬು ಎಲ್ಲಿ ಶುರುವಾಯಿತು ಎನ್ನುವುದು ತಿಳಿಯುವುದಿಲ್ಲ.

ಬುಧವಾರ ಸುತ್ತಲಿನ ಮಿಷನರಿಗಳೆಲ್ಲ ಸೇರುವ ಸಭೆ, ಸಂಜೆ ಪಾಠಗಳು. ಗುರುವಾರಗಳಲ್ಲಿ ಒಂದು ಗುರುವಾರ ಮರೆತಿಲ್ಲ. ಕೆರಿಬಿಯನ್ ದ್ವೀಪಗಳಿಂದ ಬಂದ ಮನೆತನದ ಹಿರಿಯ ಹೆಂಗಸೊಬ್ಬರು ಹೊಸ್ತಿಲಲ್ಲೇ ನಿಂತು ಕೇಳಿದರು: “ನಿಮ್ಮ ಸಭೆ ಕರಿಯರಿಗೆ ಪೌರೋಹಿತ್ಯ ಕೊಟ್ಟದ್ದು ಯಾವಾಗ?” 1978 ಎಂದೆ. ಅವರಿಗೆ ಗೊತ್ತಿತ್ತು, ನನ್ನ ಬಾಯಿಂದ ಬರಲೆಂದು ಕೇಳಿದ್ದರು. ಅದಕ್ಕೆ ಮೊದಲಿದ್ದ ನಿಷೇಧಕ್ಕೆ ಕೊಡುತ್ತಿದ್ದ ಕಾರಣಗಳನ್ನು ಸಭೆ 2013ರಲ್ಲಿ ಬಹಿರಂಗವಾಗಿ ತಳ್ಳಿಹಾಕಿದೆ ಎಂದೂ ಸೇರಿಸಿದೆ. “ನಿನ್ನನ್ನು ಬಿಡುತ್ತಿದ್ದರಾ?” ಎಂದರು. ಆ ನಿಷೇಧ ಆಫ್ರಿಕಾ ಮೂಲದವರಿಗಿದ್ದದ್ದು. ಕಟ್ಟಳೆಯ ಪ್ರಕಾರ ನನ್ನನ್ನು ಬಿಡುತ್ತಿದ್ದರು. ಹಾಗೆಂದು ಹೇಳಿದಾಗ ಅವರ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. “ಹಾಗಾದರೆ ನಿನಗೆ ಇದು ಓದಿದ ವಿಷಯ” ಎಂದು ಬಾಗಿಲು ಹಾಕಿಕೊಂಡರು. ನನ್ನ ಕಂದುಬಣ್ಣ ಅಂಥ ಬಾಗಿಲುಗಳಲ್ಲಿ ಸಹಾಯಕ್ಕೆ ಬರುತ್ತದೆ, ನೋಡಿ ನಾನೂ ನಿಮ್ಮ ಹಾಗೆಯೇ ಎನ್ನಬಹುದು ಎಂಬ ಲೆಕ್ಕ ನನ್ನೊಳಗೆ ಇತ್ತೆಂದು ತಿಳಿದದ್ದು ಆಗಲೇ. ಆ ಲೆಕ್ಕವನ್ನು ಅವರು ನನಗಿಂತ ಮೊದಲು ಓದಿದ್ದರು.

ಪ್ರೆಸ್ಟನ್ನಿನಲ್ಲಿ ಗುಜರಾತಿಗಳು ಬಹಳ. ಶುಕ್ರವಾರ ಸಂಜೆ ಅಂಥದ್ದೊಂದು ಮನೆಯ ಬಾಗಿಲು ತಟ್ಟಿದರೆ ನನ್ನ ಬಿಲ್ಲೆಗಿಂತ ಮೊದಲು ಮುಖ ಕಾಣುತ್ತಿತ್ತು. “ಬೇಟಾ, ಮೊದಲು ಊಟ ಮಾಡು” ಎಂದು ಥೇಪ್ಲಾ ಬರುತ್ತಿತ್ತು. ಮನೆಯ ಯಜಮಾನರು ಪತ್ರಿಕೆ ಓದುವವರು. ನಿಮ್ಮ ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಮೇಲೆ ಕಾಯ್ದೆ ತಂದರಲ್ಲ, ಅಲ್ಲಿ ಮಾಡಲಾಗದ್ದನ್ನು ಇಲ್ಲಿ ಮಾಡಲು ಬಂದೆಯಾ ಎಂದು ನಗುತ್ತಲೇ ಕೇಳಿದರು. ಇಲ್ಲ ಅಂಕಲ್, ನಮಗೆ ಊರು ಆರಿಸಿಕೊಳ್ಳುವ ಹಕ್ಕಿಲ್ಲ ಎಂದೆ. ಉತ್ತರ ನಿಜವೇ, ಪ್ರಶ್ನೆಗೆ ಸರಿಯಾದ ಉತ್ತರವಾಗಿರಲಿಲ್ಲ ಅಷ್ಟೆ. ನಮ್ಮೂರಿನಲ್ಲಿ ನನ್ನ ಅಜ್ಜಿಯ ಬಾಗಿಲನ್ನು ಯಾರಾದರೂ ಹೀಗೆ ತಟ್ಟಿ ಕೂತರೆ ನಾನು ಏನನ್ನುತ್ತಿದ್ದೆ ಎಂಬುದೇ ಅವರ ಪ್ರಶ್ನೆ. ಅಜ್ಜಿ ಊಟ ಹಾಕುತ್ತಿದ್ದಳು. ನಾನು ಬಾಗಿಲು ಹಾಕುತ್ತಿದ್ದೆ.

ಶನಿವಾರ ದೀಕ್ಷಾಸ್ನಾನ. ಈ ಊರಿಗೆ ಅದರಲ್ಲಿ ದೊಡ್ಡ ಹೆಸರು. ಬಾಸೆಲ್ಲಿನವರು ಮಂಗಳೂರಿಗೆ ಬಂದ ಮೂರು ವರ್ಷಕ್ಕೆ, 1837ರ ಜುಲೈನಲ್ಲಿ, ಹೀಬರ್ ಕಿಂಬಲ್ ಮತ್ತು ಸಂಗಡಿಗರು ಅಮೆರಿಕದಿಂದ ಲಿವರ್‌ಪೂಲಿಗೆ ಬಂದು ಪ್ರೆಸ್ಟನ್ನಿನಲ್ಲಿ ಸಾರಿದರು. ತಿಂಗಳು ಮುಗಿಯುವುದರೊಳಗೆ ಇಲ್ಲಿಯ ರಿಬ್ಬಲ್ ಹೊಳೆಯಲ್ಲಿ ಸಭೆಯ ಮೊದಲ ಬ್ರಿಟಿಷ್ ದೀಕ್ಷಾಸ್ನಾನಗಳಾದವು. ಮೊದಲಿಗನಾಗಬೇಕೆಂದು ಜಾರ್ಜ್ ವಾಟ್ ಎಂಬವನು ಇನ್ನೊಬ್ಬನೊಡನೆ ಹೊಳೆಯವರೆಗೆ ಓಡಿ ಗೆದ್ದನಂತೆ. ನಮ್ಮ ಕಾಲದಲ್ಲಿ ಓಡುವವರಿಲ್ಲ. ಚರ್ಚಿನೊಳಗಿನ ಬೆಚ್ಚಗಿನ ತೊಟ್ಟಿ, ಬಿಳಿ ಬಟ್ಟೆ, ಒಂದು ಮುಳುಗು. ನಾನು ಮುಳುಗಿಸಿದವರಲ್ಲಿ ಒಬ್ಬರು ಒಂಟಿಯಾಗಿ ಬಾಳುತ್ತಿದ್ದ ನಡುವಯಸ್ಸಿನ ಗಂಡಸು. ನೀರಿನಿಂದ ಎದ್ದವರು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. ಆ ಸಂತೋಷದ ನಡುವೆಯೇ ಒಂದು ಸಂಶಯ: ಇವರಿಗೆ ಬೇಕಾಗಿದ್ದದ್ದು ದೇವರೋ, ವಾರಕ್ಕೆ ಮೂರು ಸಲ ಮನೆಗೆ ಬಂದು ಮಾತಾಡಿಸುವ ಇಬ್ಬರು ಹುಡುಗರೋ? ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಬರುತ್ತದೆ, ಹುಡುಗರು ಬೇರೆ ಊರಿಗೆ ಹೋಗುತ್ತಾರೆ. ದೇವರು ಉಳಿಯುತ್ತಾನೆ ಎಂದು ನಾವು ನಂಬಿರುತ್ತೇವೆ.

ಭಾನುವಾರ ಆರಾಧನೆ, ರೊಟ್ಟಿ ಮತ್ತು ನೀರು. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ. ಉಳಿದ ಊಟದ ಹಣ ಬಡವರಿಗೆ. ರಾತ್ರಿ ವರದಿ: ಹೊಸದಾಗಿ ಪಾಠ ಶುರು ಮಾಡಿದವರು, ಆರಾಧನೆಗೆ ಬಂದವರು, ದೀಕ್ಷಾಸ್ನಾನಕ್ಕೆ ದಿನ ಗೊತ್ತಾದವರು, ದೀಕ್ಷಾಸ್ನಾನ ಆದವರು. ಅಂಕಿಗಳ ಹಿಂದೆ ಮನುಷ್ಯರಿದ್ದಾರೆ ಎಂದು ನಮಗೆ ಹೇಳುತ್ತಲೇ ಇದ್ದರು. ಅದು ನನಗೂ ಗೊತ್ತಿತ್ತು. ಆದರೂ ಅಂಕಿ ಏರಿದ ಭಾನುವಾರ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಲೇಲ್ಯಾಂಡಿನ ಮುದುಕರು ಕೊನೆಗೆ ಬೇಡ ಎಂದರು. ನಿಮ್ಮ ಪುಸ್ತಕ ಓದಿದೆ, ನನಗಲ್ಲ. ಆದರೆ ಬೇಲಿ ಕತ್ತರಿಸಬೇಕು, ಬರುತ್ತೀರಾ ಎಂದರು. ಹೋದೆವು, ಆಮೇಲೂ ಹೋಗುತ್ತಿದ್ದೆವು. ಇದನ್ನು ನಿಸ್ವಾರ್ಥ ಎಂದು ಬರೆಸಿಕೊಳ್ಳಲು ನಾಚಿಕೆ: ವಾರದಲ್ಲಿ ಕೆಲವು ಗಂಟೆ ಸಮಾಜಸೇವೆಗೆಂದೇ ಮೀಸಲಿರುತ್ತಿದ್ದವು, ಬೇಲಿ ಅದರೊಳಗೆ ಹಿಡಿಸುತ್ತಿತ್ತು. ಆದರೂ ಅವರು ಬೇಡ ಎಂದ ದಿನದಿಂದ ಲೆಕ್ಕಿಗ ಆ ಮನೆಯೊಳಗೆ ಬರಲಿಲ್ಲ. ಎಂಜಿನ್ನಿನ ಮಾತು ಎಂಜಿನ್ನಿನ ಮಾತಾಗಿಯೇ ಇತ್ತು. ಹೆಂಡತಿಯ ನೆನಪು ತೆಗೆದರೆ ಕೇಳಿಸಿಕೊಂಡು ಸುಮ್ಮನಿರಲು ನನಗೆ ಬರುತ್ತದೆ ಎಂದು ಗೊತ್ತಾಯಿತು.

ಬೆಂಗಳೂರಿಗೆ ಮರಳಿದ ಮೇಲೂ ನಾನು ಸಭೆಗೆ ಹೋಗುತ್ತೇನೆ, ನಂಬುತ್ತೇನೆ. ಉದ್ದೇಶವಿದ್ದ ಪ್ರೀತಿ ಪ್ರೀತಿಯೇ ಅಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಒಪ್ಪಿದರೆ ನಮ್ಮ ಮನೆತನವನ್ನೇ ಅಲ್ಲಗಳೆಯಬೇಕಾಗುತ್ತದೆ. ಬಾಸೆಲ್ ಮಿಷನ್ನಿನವರೂ ವರ್ಷವರ್ಷ ಲೆಕ್ಕ ಬರೆದು ಅಚ್ಚು ಹಾಕಿಸುತ್ತಿದ್ದರು. ಅಜ್ಜನ ಅಜ್ಜ ಅಂಥ ಯಾವುದೋ ವರ್ಷದ ವರದಿಯಲ್ಲಿ ಒಂದು ಅಂಕಿ, ನಾನು ಆ ಅಂಕಿಯ ಮೊಮ್ಮಗನ ಮೊಮ್ಮಗ. ಅವರು ನೂಲಿಗಾಗಿ ಹೋಗಿದ್ದರೂ ಹಸಿದವರ ಮೇಲೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಮಗ್ಗ ಕೊಟ್ಟವರಿಗೆ, ಅಂದರೆ ಪ್ರೆಸ್ಟನ್ನಿನಲ್ಲಿ ನನಗೇ: ಅಜ್ಜನ ಅಜ್ಜ ಮಗ್ಗ ತೆಗೆದುಕೊಂಡು ದೇವರನ್ನು ಬೇಡ ಎಂದಿದ್ದರೆ ಮಗ್ಗ ಅವರ ಕೈಯಲ್ಲೇ ಇರುತ್ತಿತ್ತೇ? ಬೇಲಿಯ ಮಟ್ಟಿಗೆ ಹೌದು ಎನ್ನಬಲ್ಲೆ. ಉಳಿದ ಬಾಗಿಲುಗಳಲ್ಲಿ, ಬೇಡ ಎಂದವರ ಮನೆಗೆ ನಾನು ಎರಡನೆಯ ಸಲ ಹೋಗಲೇ ಇಲ್ಲ.